ಮಗ್ಗದ ಮನೆಯಲ್ಲಿ ತಿದ್ದಿದ ಅಂಗುಳ

ಆ ಹುಡುಗಿ ಮೊದಲು ನನ್ನ ಬಾಯಿ ನೋಡಿದಳು. ನಾನು ಅವಳ ಬಾಯಿ ನೋಡಿದ್ದು ಆಮೇಲೆ. ಜಮಖಂಡಿಯಲ್ಲಿ ಹಲ್ಲಿನ ದವಾಖಾನೆ ಇಟ್ಟುಕೊಂಡಿದ್ದ ನನಗೆ ಇಂಥ ಪಾಳಿ ಅದಕ್ಕೆ ಮೊದಲು ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಸಂಸ್ಥಾನ ಕರಗಿ ನಾವು ಮುಂಬಯಿ ರಾಜ್ಯಕ್ಕೆ ಸೇರಿದ ಮೇಲಿನ ಮೂರನೆಯದೋ ನಾಲ್ಕನೆಯದೋ ಮಳೆಗಾಲ ಅದು. ಬೀಳಗಿ ಕಡೆಯ ರೈತನೊಬ್ಬನ ದವಡೆ ಹಲ್ಲು ಕಿತ್ತು ಕೈ ತೊಳೆಯುತ್ತಿದ್ದೆ. ಬನಹಟ್ಟಿಯಿಂದ ಬಂದ ಒಬ್ಬ ಹಿರಿಯ ನೇಕಾರರು ಮಗಳನ್ನು ಕರೆದುಕೊಂಡು ಬಾಗಿಲಲ್ಲಿ ನಿಂತರು. ಮಗಳಿಗೆ ಇಪ್ಪತ್ತೆರಡರ ಪ್ರಾಯ. ಅವಳ ಕೈಯಲ್ಲಿ ಶಾಲೆಯ ಮಕ್ಕಳು ಹಿಡಿಯುವಂಥ ಪಾಟಿ, ಬಳಪ. ಅಪ್ಪನ ಕೈಯಲ್ಲಿ ಒಂದು ಚೀಟಿ. ಅವರೂರಿನ ಹೆಣ್ಣುಮಕ್ಕಳ ಶಾಲೆಯ ಮುಖ್ಯ ಶಿಕ್ಷಕಿ, ಊರವರೆಲ್ಲ ದೊಡ್ಡ ಅಕ್ಕೋರು ಎನ್ನುತ್ತಿದ್ದ ಹಿರಿಯ ಹೆಂಗಸು, ನನಗೆ ಬರೆದಿದ್ದರು. ಕಳೆದ ವರ್ಷ ಅವರ ಕೆಳಗಿನ ಹಲ್ಲಿನ ಸೆಟ್ಟು ಕಟ್ಟಿಕೊಟ್ಟವನು ನಾನೇ. ಚೀಟಿಯಲ್ಲಿ ಕುಶಲ ಸಮಾಚಾರ ಒಂದೂ ಇರಲಿಲ್ಲ. "ಹಲ್ಲು ಕಟ್ಟುವ ನಿಮಗೆ ಅಂಗುಳ ಕಟ್ಟಲು ಬರುವುದಿಲ್ಲವೇ? ಪ್ರಯತ್ನಿಸಿ ನೋಡಿ" ಎಂದಷ್ಟೇ ಇತ್ತು.

ವಿಷಯ ಹೀಗಿತ್ತು. ಹುಡುಗಿಗೆ ಹುಟ್ಟಿನಿಂದಲೇ ಅಂಗುಳದ ಹಿಂದಿನ ಮೆತ್ತನೆಯ ಭಾಗ ಸೀಳಿತ್ತು. ಚಿಕ್ಕವಳಿದ್ದಾಗ ದೂರದ ಊರಿನಲ್ಲಿ ಹೊಲಿಗೆ ಹಾಕಿಸಿದ್ದರು, ಅದು ಬಿಚ್ಚಿಹೋಗಿತ್ತು. ಮತ್ತೆ ಹೊಲಿಯಲು ಮಾಂಸ ಸಾಲದೆಂದು ಸರ್ಜನ್ನರು ಕೈಚೆಲ್ಲಿಬಿಟ್ಟಿದ್ದರು. ಹುಡುಗಿ ಮಾತನಾಡಿದರೆ ಗಾಳಿಯೆಲ್ಲ ಮೂಗಿನಿಂದ ಹೋಗುತ್ತಿತ್ತು. ಅಷ್ಟಿದ್ದೂ ಮಗ್ಗದ ಪಕ್ಕ ಕೂತು ಓದಿ ಮುಲ್ಕಿ ಪರೀಕ್ಷೆ ಪಾಸು ಮಾಡಿದ್ದಳು. ಮಾಸ್ತರಿಕೆಗೆ ಬೇಕಾದದ್ದು ಅದೇ. ಆದರೆ ಜೂನಿನಲ್ಲಿ ಇನ್‌ಸ್ಪೆಕ್ಟರ ಸಾಹೇಬರ ಎದುರು ಪಾಠ ಮಾಡಿದಾಗ ಮಕ್ಕಳಿಗೆ ಒಂದು ಮಾತೂ ತಿಳಿಯಲಿಲ್ಲ, ಮುಸಿಮುಸಿ ನಕ್ಕವು. ಸಾಹೇಬರು ಒಳ್ಳೆಯವರು. ಚಳಿಗಾಲದ ಸರ್ಕೀಟಿಗೆ ಬಂದಾಗ ಇನ್ನೊಮ್ಮೆ ಕೇಳುತ್ತೇನೆ, ಆಗಲೂ ಹೀಗೇ ಆದರೆ ಜಾಗ ಬೇರೆಯವರಿಗೆ ಎಂದು ಹೇಳಿ ಹೋಗಿದ್ದರು.

"ಡಾಕ್ಟರ್ರ, ಬ್ಯಾರೆ ಏನೂ ಬ್ಯಾಡ್ರಿ. ಆಕಿ ಹೇಳಿದ್ದು ಹುಡುಗೂರಿಗೆ ತಿಳದ್ರ ಸಾಕ್ರಿ," ಎಂದರು ಅಪ್ಪ.

ನಾನು ಆಗ ಮುಂಗೋಪಿ. ಗೊತ್ತಿಲ್ಲದ ಕೆಲಸ ಬಂದಾಗ ಕೋಪ ಇನ್ನೂ ಬೇಗ ಬರುತ್ತಿತ್ತು. "ನಾ ಹಲ್ಲು ಕೀಳಾಂವಾ, ಹಲ್ಲು ಕಟ್ಟಾಂವಾ. ಇದು ಗಂಟಲಿನ ಕೆಲಸ. ಮುಂಬಯಿಗೆ ಹೋಗ್ರಿ," ಎಂದೆ.

ಹುಡುಗಿ ನನ್ನ ಮಾತು ಮುಗಿಯುವುದನ್ನೂ ಕಾಯದೆ ಪಾಟಿಯ ಮೇಲೆ ಏನೋ ಬರೆದು ನನ್ನೆದುರು ಹಿಡಿದಳು. ದುಂಡನೆಯ ಅಕ್ಷರ. "ಮಾತಾಡುವಾಗ ಮಂದಿ ಬಾಯಾಗ ಏನ ಆಗತೈತಿ ನಾ ಎಂದೂ ನೋಡಿಲ್ಲ. ನಿಮ್ಮ ಬಾಯಿ ತಗದ ತೋರಸ್ರಿ."

ಇಪ್ಪತ್ತೆರಡು ವರ್ಷ ಎಲ್ಲರೂ ಅವಳ ಬಾಯೊಳಗೆ ಇಣುಕಿದ್ದರು. ತಮ್ಮ ಬಾಯಿ ತೆರೆದು ಅವಳಿಗೆ ತೋರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನನಗೆ ನಾಚಿಕೆಯಾಯಿತು. ನನ್ನ ಕುರ್ಚಿಯಲ್ಲಿ ನಾನೇ ಕೂತು ಟಾರ್ಚನ್ನೂ ಉದ್ದ ಹಿಡಿಕೆಯ ಕನ್ನಡಿಯನ್ನೂ ಅವಳ ಕೈಗೆ ಕೊಟ್ಟೆ. ಬಾಯಿ ತೆರೆದು "ಆ" ಎಂದೆ. ಅವಳು ಉಸಿರು ಬಿಗಿಹಿಡಿದು ನೋಡಿದಳು. ಮತ್ತೊಮ್ಮೆ ಎಂದು ಕೈಸನ್ನೆ ಮಾಡಿದಳು. ಹತ್ತು ಸಲವಾದರೂ "ಆ" ಎಂದಿರಬೇಕು. ಅಪ್ಪ ಪಂಚೆಯ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ಅವಳು ನೋಡಿದ್ದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು, ಯಾಕೆಂದರೆ ಎಲ್ಲವೂ ಅದರ ಮೇಲೆಯೇ ನಿಂತಿದೆ. ಅಂಗುಳದ ಮುಂಭಾಗ ಎಲುಬು. ಹಿಂಭಾಗ ಮಾಂಸದ ಮೆತ್ತನೆಯ ಪರದೆ. ಅದರ ತುದಿಗೆ ಕಿರುನಾಲಿಗೆ ಜೋತಿರುತ್ತದೆ. ಸುಮ್ಮನಿದ್ದಾಗ ಪರದೆ ಕೆಳಗಿಳಿದು ಮೂಗಿಗೂ ಗಂಟಲಿಗೂ ದಾರಿ ತೆರೆದಿರುತ್ತದೆ. "ಪ" ಎನ್ನಬೇಕಾದರೆ ಪರದೆ ಮೇಲಕ್ಕೆ, ಹಿಂದಕ್ಕೆ ಎದ್ದು ಗಂಟಲಿನ ಹಿಂಗೋಡೆಗೆ ಒತ್ತಿಕೊಳ್ಳುತ್ತದೆ. ಗಾಳಿ ಬಾಯಲ್ಲಿ ಕಟ್ಟಿ ತುಟಿಯಲ್ಲಿ ಸಿಡಿಯುತ್ತದೆ. ಹಾಗೆ ಎತ್ತುವ ಸ್ನಾಯು ಎರಡೂ ಬದಿಯಲ್ಲಿ ತಲೆಬುರುಡೆಯ ತಳದಿಂದ ಇಳಿದು ನಡುವೆ ಕೂಡಿ, ಕೂಸಿನ ಜೋಲಿಯಂತೆ ಪರದೆಯನ್ನು ಹೊತ್ತಿರುತ್ತದೆ. ಇನ್ನೊಂದು ಜೋಡಿ ಪರದೆಯನ್ನು ಬಿಗಿಯುತ್ತದೆ, ಕಿವಿಯ ಕೊಳವೆಯನ್ನೂ ತೆರೆಯುತ್ತದೆ. ಮತ್ತೊಂದು ಜೋಡಿ ಅದನ್ನು ನಾಲಿಗೆಯ ಕಡೆಗೆ ಕೆಳಗೆಳೆಯುತ್ತದೆ, ಇನ್ನೊಂದು ಗಂಟಲಿನ ಕಡೆಗೆ. ನಡುವೆ ಕಿರುನಾಲಿಗೆಯ ಸಣ್ಣ ಸ್ನಾಯು ಪರದೆಯ ಬೆನ್ನನ್ನು ದಪ್ಪ ಮಾಡುತ್ತದೆ. ಇವುಗಳ ಜೊತೆಗೆ ಗಂಟಲಿನ ಪಕ್ಕದ ಗೋಡೆಗಳೂ ಒಳಗೆ ಸರಿದು ಕೈಜೋಡಿಸುತ್ತವೆ.

ಮೋಟಾರಿನ ಕಂಡಕ್ಟರ್ ಒಮ್ಮೆ "ಜಮಖಂಡಿ" ಎಂದು ಕೂಗಿದನೆಂದರೆ ಅಷ್ಟರಲ್ಲಿ ಈ ಪರದೆ ಜಕಾರಕ್ಕೆ ಏಳುತ್ತದೆ, ಮಕಾರಕ್ಕೆ ಇಳಿಯುತ್ತದೆ, ಖಕಾರಕ್ಕೆ ಏಳುತ್ತದೆ, ಸೊನ್ನೆಗೆ ಇಳಿಯುತ್ತದೆ, ಡಕಾರಕ್ಕೆ ಮತ್ತೆ ಏಳುತ್ತದೆ. ಕಂಡಕ್ಟರನಿಗೆ ಅದರ ಪರಿವೆಯೇ ಇಲ್ಲ. ಅವನ ಲಕ್ಷ್ಯವೆಲ್ಲ ಟಿಕೀಟಿನ ಮೇಲೆ. ಈ ಕೆಲಸವನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವನು ನಾನು. ಆದರೂ ಅದು ಎಷ್ಟು ದೊಡ್ಡ ಕೆಲಸವೆಂಬುದು ಆ ಹುಡುಗಿ ಟಾರ್ಚು ಹಿಡಿದು ಕಣ್ಣರಳಿಸಿದ ಮೇಲೆಯೇ ನನಗೆ ಗೊತ್ತಾದದ್ದು. "ಆಗಲಿ, ನೋಡೂಣು," ಎಂದುಬಿಟ್ಟೆ.

ನನ್ನ ಪುಸ್ತಕದಲ್ಲಿ ಇದಕ್ಕೊಂದು ಅಧ್ಯಾಯವಿತ್ತು, ಒಂದೇ ಒಂದು ಚಿತ್ರ. ಮೇಲಿನ ಹಲ್ಲುಗಳಿಗೆ ತಂತಿಯ ಕೊಂಡಿ ಹಾಕಿ ಅಂಗುಳಕ್ಕೆ ಅಂಟುವ ತೆಳ್ಳನೆಯ ಪಟ್ಟಿ ಮಾಡಬೇಕು. ಪಟ್ಟಿಯ ಹಿಂದೆ ಬಾಲದಂತೆ ಒಂದು ತಂತಿ. ಬಾಲದ ತುದಿಗೆ, ಸೀಳಿನ ನಡುವೆ, ಒಂದು ಗುಂಡು. ಇಲ್ಲದ ಪರದೆಯ ಬದಲಿಗೆ ಗಂಟಲಿನ ಗೋಡೆಗಳು ಆ ಗುಂಡನ್ನು ಸುತ್ತಲಿಂದ ಹಿಡಿದು ಮೂಗಿನ ದಾರಿ ಮುಚ್ಚಬೇಕು. ಓದುವುದಕ್ಕೆ ಬಹಳ ಸುಲಭವಾಗಿತ್ತು.

ಹಲ್ಲುಗಳ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರಕ ಹೊಯ್ದೆ. ಸ್ಟೀಲಿನ ತಂತಿ ಬಗ್ಗಿಸಿ ನಾಲ್ಕು ದವಡೆ ಹಲ್ಲುಗಳಿಗೆ ಕೊಂಡಿ ಮಾಡಿದೆ. ಪಟ್ಟಿಯನ್ನು ಆಗಷ್ಟೇ ಬಳಕೆಗೆ ಬಂದಿದ್ದ ಅಕ್ರಿಲಿಕ್ಕಿನಲ್ಲಿ ಬೇಯಿಸಿದೆ. ಇಲ್ಲಿಯವರೆಗೆ ಇದು ನನ್ನದೇ ಕಸಬು. ಗುಂಡಿನ ಅಚ್ಚಿಗೆ ಮೇಣದಂಥ ಕಾಂಪೌಂಡನ್ನು ಬಿಸಿನೀರಿನಲ್ಲಿ ಮೆದು ಮಾಡಿ ಬಾಲದ ತುದಿಗೆ ಮೆತ್ತಿ ಬಾಯೊಳಗಿಟ್ಟು, "ನುಂಗು" ಎಂದೆ. ಗಂಟಲಿನ ಸ್ನಾಯುಗಳು ನುಂಗುವಾಗ ಒತ್ತಿ ಅದಕ್ಕೆ ತಮ್ಮ ಆಕಾರ ಕೊಡುತ್ತವೆ ಎಂದು ನನ್ನ ಎಣಿಕೆ. ಹುಡುಗಿಗೆ ಓಕರಿಕೆ ಬಂತು, ಕಣ್ಣಲ್ಲಿ ನೀರು ಬಂತು. ಆದರೂ ಕುರ್ಚಿಯ ಕೈ ಬಿಗಿಹಿಡಿದು ಇಪ್ಪತ್ತು ಸಲ ನುಂಗಿದಳು. ಗುಂಡು ತಯಾರಾಯಿತು. ಒಳ್ಳೆ ಹೊಳಪು ಕೊಟ್ಟೆ. ನನ್ನ ಕೈಕೆಲಸದ ಮೇಲೆ ನನಗೇ ಮೋಹ ಹುಟ್ಟಿತು.

ಇದನ್ನು ಹಾಕಿಕೊಂಡು ಹೋದ ಮರುವಾರ ಅಪ್ಪ ಒಬ್ಬರೇ ಬಂದು ನನ್ನನ್ನು ಬನಹಟ್ಟಿಗೆ ಕರೆದೊಯ್ದರು. ಅವರ ಮುಖದಲ್ಲಿ ಹಿಡಿಸಲಾರದಷ್ಟು ಖುಷಿ. ನೇಕಾರರ ಓಣಿಯಲ್ಲಿ ಲಾಳಿಗೆ ನೂಲು ಸುತ್ತಿದ ಹೊಸ ಕಂಡಿಕೆ ಹಾಕಿದಾಗಲೆಲ್ಲ ಲಾಳಿಯ ಕಣ್ಣಿಗೆ ಬಾಯಿ ಹಚ್ಚಿ ಒಳಗಿನ ನೂಲನ್ನು ಉಸಿರಿನಿಂದ ಸರ್ರನೆ ಹೊರಗೆಳೆಯುತ್ತಾರೆ. ಆ ಹುಡುಗಿಗೆ ಅದು ಎಂದೂ ಆಗಿರಲಿಲ್ಲ. ಅಂಗುಳದಲ್ಲಿ ಸೀಳಿದ್ದವರಿಗೆ ಹೀರಲು ಬರುವುದಿಲ್ಲ. ಕಂಡಿಕೆ ತೀರಿದಾಗಲೆಲ್ಲ ಅವಳು ಲಾಳಿಯನ್ನು ಅಪ್ಪನ ಕೈಗೆ ಕೊಡಬೇಕಾಗಿತ್ತು. ಈಗ ನನ್ನೆದುರು ಅವಳು ಲಾಳಿ ಎತ್ತಿ ಬಾಯಿಗೆ ಹಚ್ಚಿದಳು. ನೂಲು ಬಂತು. ಸುತ್ತ ನಿಂತ ಓಣಿಯ ಜನ ಹೋ ಎಂದರು. ಒಬ್ಬರಾದ ಮೇಲೊಬ್ಬರು ತಮ್ಮ ಮನೆಯ ಲಾಳಿಗಳನ್ನು ತಂದುಕೊಟ್ಟರು. ಎಲ್ಲದರಲ್ಲೂ ನೂಲು ಬಂತು.

"ಗುಣಾ ಆತ್ರಿ! ಲಾಳಿ ಎಳದ್ಲಂದ್ರ ಮುಗೀತ್ರಿ!" ಎಂದರು ಅಪ್ಪ. ಓಣಿಗೆ ಓಣಿಯೇ ಹೌದೆಂದಿತು. ನಾನೂ ಹೌದೆಂದೆ. ಹೋಳಿಗೆ ಊಟ ಹೊಡೆದು, ಮುಧೋಳದ ನನ್ನ ಗೆಳೆಯನಿಗೆ ದೊಡ್ಡದೊಂದು ಕಾಗದ ಬರೆದು ಕೊಚ್ಚಿಕೊಂಡೆ. ಹುಡುಗಿ ಮಾತ್ರ ಹೆಚ್ಚು ನಗಲಿಲ್ಲ. ನಾನು ಅದನ್ನು ಗಮನಿಸಿದೆ, ಆದರೆ ಯಾಕೆಂದು ಕೇಳಲಿಲ್ಲ. ಹೋಳಿಗೆ ಚೆನ್ನಾಗಿತ್ತು.

ಹದಿನೈದು ದಿನಕ್ಕೆ ಅವಳು ದೊಡ್ಡ ಅಕ್ಕೋರನ್ನು ಜೊತೆಗೆ ಕರೆದುಕೊಂಡು ದವಾಖಾನೆಗೆ ಬಂದಳು. ಅಕ್ಕೋರು ಕುರ್ಚಿಯ ಮೇಲೆ ಕೂಡುವ ಮೊದಲೇ ಶುರು ಮಾಡಿದರು. "ಡಾಕ್ಟರ್ರ, ನೂಲು ಬಂದದ ಖರೆ. ಮಾತು ಬಂದಿಲ್ಲ. ಜೂನಿನ್ಯಾಗ ಹೆಂಗಿತ್ತೋ ಹಂಗ ಅದ."

"ಅದು ಹೆಂಗ ಸಾಧ್ಯ? ಓಣಿ ಮಂದಿ ಎಲ್ಲಾ ನೋಡ್ಯಾರ," ಎಂದೆ.

"ಓಣಿ ಮಂದಿಗೆ ಲಾಳಿ ಸಾಕು. ನನ್ನ ಸಾಲಿ ಹುಡುಗ್ಯಾರಿಗೆ ಮಾತು ಬೇಕು."

ಕೋಪ ನೆತ್ತಿಗೇರಿತು. ಅವರು ಹೇಳುತ್ತಿದ್ದುದು ನಿಜವಾದ್ದರಿಂದಲೇ ಹೆಚ್ಚು ಏರಿತು. ಹುಡುಗಿಯ ಮೂಗಿನ ಕೆಳಗೆ ಸಣ್ಣ ಕನ್ನಡಿ ಹಿಡಿದು "ಪಾ ಪಾ ಪಾ" ಅನ್ನಿಸಿದೆ. ಪಕಾರಕ್ಕೆ ಮೂಗಿನಿಂದ ಗಾಳಿ ಬರಬಾರದು. ಕನ್ನಡಿ ಪೂರ್ತಿ ಮಂಜಾಯಿತು. ಅವಳ ಬಾಯಲ್ಲಿ ಪ, ಬ ಎರಡೂ ಮಕಾರವಾಗಿದ್ದವು. ಕಕಾರವನ್ನು ನಾಲಿಗೆ ಬಿಟ್ಟು ಗಂಟಲಿನ ಕೆಳಗೆಲ್ಲೋ ಕತ್ತರಿಸುತ್ತಿದ್ದಳು. ಗುಂಡು ಇದ್ದೂ ಇಲ್ಲದಂತಾಗಿತ್ತು.

ಗುಂಡು ತೆಗೆಸಿ, ಟಾರ್ಚಿನ ಬೆಳಕು ಬಿಟ್ಟು, "ಆ ಅನ್ನು, ಉದ್ದಕ ಅನ್ನು" ಎಂದೆ. ಮೊದಲೇ ನೋಡಬೇಕಾಗಿದ್ದನ್ನು ಆಗ ನೋಡಿದೆ. ಬೇರೆಯವರಲ್ಲಿ ಪರದೆಯ ಹಿಂದೆ ಮರೆಯಾಗಿರುವ ಗಂಟಲು ಇವಳ ಸೀಳಿನಲ್ಲಿ ಕಿಟಕಿ ತೆರೆದಂತೆ ಕಾಣುತ್ತಿತ್ತು. ಸೀಳಿದ ಎರಡು ತುಂಡುಗಳಲ್ಲಿ ಎತ್ತುವ ಸ್ನಾಯು ಇತ್ತು, ದುಡಿಯುತ್ತಲೂ ಇತ್ತು. ಆದರೆ ನಡುವೆ ಕೂಡದೆ ಎರಡೂ ತುದಿ ಮುಂದಿನ ಎಲುಬಿಗೆ ಅಂಟಿದ್ದರಿಂದ ತುಂಡುಗಳು ಬದಿಗೆ ಸರಿಯುತ್ತಿದ್ದವು, ಅಷ್ಟೇ. ಅವುಗಳ ಹಿಂದೆ, ನಾನು ಗುಂಡು ಕೂಡಿಸಿದ್ದಕ್ಕಿಂತ ಬೆರಳಗಲ ಮೇಲೆ, ಗಂಟಲಿನ ಹಿಂಗೋಡೆಯಿಂದ ಮಾಂಸದ ಒಂದು ದಿಂಡು ಎದ್ದು ಮುಂದೆ ಬಂತು. ಪಕ್ಕದ ಗೋಡೆಗಳೂ ಅದೇ ಮಟ್ಟದಲ್ಲಿ ಒಳಗೆ ಸರಿದವು. "ಆ" ನಿಲ್ಲಿಸಿದರೆ ದಿಂಡು ಮಾಯ. ಮತ್ತೆ "ಆ" ಎಂದರೆ ಮತ್ತೆ ಹಾಜರು.

ನಾನು ದಂಗಾಗಿ ಕೂತೆ. ಈ ದಿಂಡಿನ ಬಗ್ಗೆ ಪುಸ್ತಕದಲ್ಲಿ ಎರಡು ಸಾಲಿತ್ತು, ಕಣ್ಣಾರೆ ನೋಡಿರಲಿಲ್ಲ. ಪರದೆ ಇಲ್ಲದ ಗಂಟಲು ಬರದೇ ಇರುವ ಪರದೆಯನ್ನು ಹಿಡಿಯಲೆಂದು ಇಷ್ಟು ವರ್ಷ ತಾನೇ ಮುಂದೆ ಬಂದು ಬಂದು ಸ್ನಾಯು ಬೆಳೆಸಿಕೊಂಡಿತ್ತು. ಯಾರೂ ಕಲಿಸಿರಲಿಲ್ಲ. ಪ್ರತಿ ಮಾತಿಗೂ ಆ ಸ್ನಾಯು ಎದ್ದು ಬಂದು, ಹಿಡಿಯಲು ಏನೂ ಸಿಗದೆ ಹಿಂದೆ ಹೋಗಿತ್ತು. ಅದರ ಬಗ್ಗೆ ನನಗಾದದ್ದು ಗೌರವವೇ, ಬೇರೆ ಹೆಸರಿಲ್ಲ. ನಾನು ಅದರ ಕೈಗೆ ಗುಂಡು ಕೊಡುವುದು ಬಿಟ್ಟು ಅದರ ಕಾಲಬುಡದಲ್ಲಿ ಇಟ್ಟುಬಂದಿದ್ದೆ.

ತಪ್ಪು ಎಲ್ಲಿ ಆಯಿತೆಂಬುದು ಸ್ಪಷ್ಟವಾಯಿತು. ನುಂಗುವುದು ಬೇರೆ, ನುಡಿಯುವುದು ಬೇರೆ. ನುಂಗುವಾಗ ನಾಲಿಗೆ ಹಿಂದೆ ನುಗ್ಗಿ ಗಂಟಲು ಕೆಳಮಟ್ಟದಲ್ಲಿ ಗಟ್ಟಿಯಾಗಿ ಹಿಂಡುತ್ತದೆ; ನನ್ನ ಮೇಣವನ್ನೂ ಹಾಗೇ ಹಿಂಡಿ ಸಣ್ಣ ಮಾಡಿತ್ತು. ನೂಲು ಹೀರುವಾಗ ನಾಲಿಗೆಯ ಹಿಂಭಾಗ ಆ ಕೆಳಗಿನ ಗುಂಡಿಗೆ ಒತ್ತಿಕೊಂಡು ಬಾಯಿಯ ಹಿಂದಿನ ದಾರಿ ಮುಚ್ಚುತ್ತಿತ್ತು, ಅದಕ್ಕೇ ನೂಲು ಬಂತು. ನುಡಿಯುವಾಗ ನಾಲಿಗೆ ಅಕ್ಷರ ಮಾಡಲು ಹೋಗಿರುತ್ತದೆ. ಆಗ ಮುಚ್ಚಬೇಕಾದದ್ದು ಮೇಲೆ, ದಿಂಡಿನ ಮಟ್ಟದಲ್ಲಿ. ಅಲ್ಲಿ ನನ್ನ ಗುಂಡೇ ಇರಲಿಲ್ಲ.

"ಇದನ್ನ ಒಡೀಬೇಕಾಗತದ," ಎಂದೆ.

ಮರುದಿನ ವಿಷಯ ಗೊತ್ತಾಗಿ ಅಪ್ಪ ಮಗಳನ್ನು ಕರೆದುಕೊಂಡು ಓಡಿಬಂದರು. "ಒಡೀಬ್ಯಾಡ್ರಿ, ಕೈ ಮುಗೀತೀನಿ. ನೂಲರೆ ಬರಾಕತ್ತೈತಿ. ಮಾತು ಬರದಿದ್ರ ಹೋಗ್ಲಿ, ಇದ್ದದ್ದೂ ಹೋದ್ರ ಏನ ಮಾಡೂದ್ರಿ?" ಅವರ ಭಯ ಸುಳ್ಳಲ್ಲ. ಮುಂದಿನದು ಸರಿಯಾಗುತ್ತದೆಂದು ನನ್ನ ಹತ್ತಿರವೂ ಆಣೆಯಿರಲಿಲ್ಲ. ನಾನು ಹುಡುಗಿಯ ಮುಖ ನೋಡಿದೆ. ಅವಳು ಬಾಯಿಂದ ಗುಂಡು ತೆಗೆದು, ಒರೆಸಿ, ನನ್ನ ಗರಗಸದ ಪಕ್ಕದಲ್ಲಿಟ್ಟಳು. ಪಾಟಿಯ ಮೇಲೆ ಬರೆದಳು. "ಅಪ್ಪಾ, ನೂಲು ನೀನೂ ಎಳೀತಿ. ಪಾಠ ನೀ ಹೇಳಾಂವೇನು?" ನಾನು ಗುಂಡನ್ನು ಬಾಲದಿಂದ ಕತ್ತರಿಸಿದೆ.

ಈ ಸಲ ಬಾಲದ ತಂತಿಯನ್ನು ಮೇಲಕ್ಕೆ ಬಗ್ಗಿಸಿ ದಿಂಡಿನ ಎದುರಿಗೆ ತಂದೆ. ಬಾಯಿಯ ಬಿಸಿಗೇ ಮೆದುವಾಗುವ ಬೇರೆ ಮೇಣವನ್ನು ಮುಂಬಯಿಯಿಂದ ಪಾರ್ಸೆಲ್ ತರಿಸಿದೆ. ಆ ಮೇಣದ ಗುಣವೆಂದರೆ, ಮಾಂಸ ತಾಗಿದ ಕಡೆ ಹೊಳಪು ಬರುತ್ತದೆ, ತಾಗದ ಕಡೆ ಮಂಕಾಗಿ ಉಳಿಯುತ್ತದೆ. ಮಂಕಿದ್ದಲ್ಲಿ ಸ್ವಲ್ಪ ಮೆತ್ತಬೇಕು, ಅತಿ ಹೊಳೆದಲ್ಲಿ ಕೆರೆಯಬೇಕು. ನುಂಗಿಸುವುದು ಬಂದ್. ಏನಿದ್ದರೂ ಮಾತನಾಡಿಸಿಯೇ ತಿದ್ದಬೇಕು.

ವಾರಕ್ಕೆ ಎರಡು ಸಲ ಮೋಟಾರಿನಲ್ಲಿ ಅವಳು ಬರುತ್ತಿದ್ದಳು. "ಪಾ" ಅನ್ನು, "ಕಾ" ಅನ್ನು, "ಸಾ" ಅನ್ನು ಎಂದು ಹೇಳಿಸಿದೆ. ಮೇಣ ಎಲ್ಲ ಕಡೆ ಮಂಕು. ಮೆತ್ತಿದೆ. ಮತ್ತೂ ಮಂಕು. ಮತ್ತೆ ಮೆತ್ತಿದೆ. ಕಡೆಗೆ ಗುಂಡು ಎಷ್ಟು ದೊಡ್ಡದಾಯಿತೆಂದರೆ ಮೂಗಿನ ದಾರಿ ಪೂರ್ತಿ ಕಟ್ಟಿಹೋಯಿತು. ಈಗ ಪಕಾರ ಬಂತು, ಆದರೆ "ಮನಿ" ಎಂದರೆ "ಬದಿ" ಆಗುತ್ತಿತ್ತು, ನೆಗಡಿಯಾದವರ ಹಾಗೆ. ಮ, ನ ಹೇಳಲು ಗಾಳಿ ಮೂಗಿಗೆ ಹೋಗಲೇಬೇಕು. ಉಸಿರಾಡಲೂ ದಾರಿಯಿಲ್ಲದೆ ಹುಡುಗಿ ಬಾಯಿ ಬಿಟ್ಟು ಏದುಸಿರು ಬಿಡುತ್ತಿದ್ದಳು. ಸುಮ್ಮನಿದ್ದಾಗ ಗುಂಡಿನ ಸುತ್ತ ಸಂದು ಇರಬೇಕು, ಮಾತಾಡಿದಾಗ ಸ್ನಾಯು ಬಂದು ಸಂದು ಮುಚ್ಚಬೇಕು. ಸ್ನಾಯುವಿನ ಕೆಲಸವನ್ನು ಗುಂಡೇ ಮಾಡಿದರೆ ಅದು ಬರೀ ಬಿರಡೆ. ಇಷ್ಟು ದುಡಿದ ಸ್ನಾಯುವಿಗೆ ನಾನು ಬಿರಡೆ ಜಡಿಯುವುದೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಎಲ್ಲ ಕೆರೆದು ಹಾಕಿದೆ.

ಅಷ್ಟರಲ್ಲಿ ದೀಪಾವಳಿ ಮುಗಿದಿತ್ತು. ಸಾಹೇಬರ ಸರ್ಕೀಟಿಗೆ ಆರು ವಾರ ಉಳಿದಿತ್ತು. ಸ್ನಾಯು ಇದೆ, ಟಾರ್ಚಿನಲ್ಲಿ ಕಾಣುತ್ತದೆ. ಮೇಣದ ಹತ್ತಿರ ಮಾತ್ರ ಯಾಕೆ ಬರುತ್ತಿಲ್ಲ? ಎರಡು ದಿನ ಅದೇ ಚಿಂತೆಯಲ್ಲಿ ಮಂದಿಯ ಮೇಲೆ ಹರಿಹಾಯ್ದೆ.

ಉತ್ತರ ಕೊಟ್ಟವರು ಅಪ್ಪ. ಅಂದು ಅವಳು ಕುರ್ಚಿಯಲ್ಲಿ ಕೂತು ಎಂದಿನಂತೆ "ಪಾ ಪಾ" ಎನ್ನುತ್ತಿದ್ದಳು. ಬೆಂಚಿನ ಮೇಲೆ ಕೂತಿದ್ದ ಅಪ್ಪ ತಲೆ ಅಲ್ಲಾಡಿಸಿ ನಕ್ಕರು. "ಇದೇನ್ರಿ ಡಾಕ್ಟರ್ರ, ಬೆಕ್ಕಿನ ಮರಿಯಂಗ ಅನ್ನಾಕತ್ತಾಳ. ಮನ್ಯಾಗ ಹಿಂಗ ಮಾತಾಡೂದಿಲ್ರಿ ಇಕಿ. ಮಗ್ಗ ನಡದಾಗ ಕೇಳ್ರಿ, ಮಾಳಗಿ ಹಾರಿ ಹೋಗಬೇಕು, ಹಂಗ ಒದರತಾಳ."

ನಾನು ಕೈಯಲ್ಲಿದ್ದ ಮೇಣ ಕೆಳಗಿಟ್ಟೆ. ನನ್ನ ದವಾಖಾನೆಯಲ್ಲಿ, ಪರರ ಎದುರು, ಆ ಹುಡುಗಿ ನಾಚಿಕೆಯಿಂದ ಪಿಸುಗುಡುತ್ತಿದ್ದಳು. ಪಿಸುಮಾತಿಗೆ ಸ್ನಾಯು ಅರ್ಧ ಮಾತ್ರ ಬರುತ್ತಿತ್ತು, ನಾನು ಆ ಅರ್ಧಕ್ಕೆ ಗುಂಡು ಅಳೆಯುತ್ತಿದ್ದೆ. ನಾಲ್ಕು ಮಗ್ಗ ಖಟಾಖಟ್ ಬಡಿಯುವ ಮನೆಯಲ್ಲಿ ಹುಟ್ಟಿ ಬೆಳೆದವಳು ಅವಳು. ಅಲ್ಲಿ ಯಾರಿಗಾದರೂ ಏನಾದರೂ ಕೇಳಿಸಬೇಕಾದರೆ ಗಂಟಲು ಪೂರ್ತಿ ಬಿಚ್ಚಬೇಕು. ಆ ದಿಂಡು ಬೆಳೆದದ್ದೂ ಅಲ್ಲಿಯೇ.

"ನಾಳಿಂದ ಕುರ್ಚಿ ಬ್ಯಾಡ. ನಾನಽ ನಿಮ್ಮ ಮನಿಗೆ ಬರ್ತೀನಿ," ಎಂದೆ. ಒಂದು ವಾರ ದವಾಖಾನೆಗೆ ಬೀಗ ಹಾಕುವ ನಿರ್ಧಾರ ಅದು. ಹಲ್ಲುನೋವಿನವರ ಶಾಪ ತಟ್ಟಿದ್ದರೆ ತಟ್ಟಲಿ ಎಂದುಕೊಂಡೆ.

ಸ್ಟೋವು, ಪಾತೇಲಿ, ಮೇಣ, ಕೆರೆಯುವ ಚಾಕು, ಕನ್ನಡಿ ಎಲ್ಲ ಒಂದು ಟ್ರಂಕಿನಲ್ಲಿ ತುಂಬಿಕೊಂಡು ಬನಹಟ್ಟಿಯಲ್ಲಿ ಇಳಿದೆ. ಮಗ್ಗದ ಮನೆಯ ಮೂಲೆಯಲ್ಲಿ ಸ್ಟೋವು ಹೊತ್ತಿಸಿದೆ. ಗುಂಡು ಜಾರಿ ಗಂಟಲಿಗೆ ಇಳಿಯಬಾರದೆಂದು ಅಪ್ಪನ ರೇಷ್ಮೆ ನೂಲಿನ ನಾಲ್ಕು ಎಳೆ ಹೊಸೆದು ಪಟ್ಟಿಗೆ ಕಟ್ಟಿ, ತುದಿಯನ್ನು ಬಾಯಿಂದ ಹೊರಗೆ ಬಿಟ್ಟೆ. ಅವಳು ತನ್ನ ಮಗ್ಗದ ತಗ್ಗಿನಲ್ಲಿ ಕಾಲಿಳಿಸಿ ಕೂತಳು. ಅಪ್ಪ, ಇಬ್ಬರು ಕಾಕಂದಿರು ತಮ್ಮ ತಮ್ಮ ಮಗ್ಗಕ್ಕೆ ಕೂತರು. ನಾಲ್ಕೂ ಮಗ್ಗ ಒಮ್ಮೆಲೇ ಶುರುವಾದವು. ನನ್ನ ಕಿವಿ ಕಿವುಡಾದವು.

ಐದು ನಿಮಿಷ ಅವಳು ಸುಮ್ಮನೆ ನೇಯ್ದಳು. ನಾನು ಅಲ್ಲಿರುವುದು ಮರೆತುಹೋಯಿತೋ ಏನೋ, ಒಮ್ಮೆಲೇ ಅಪ್ಪನ ಮಗ್ಗದ ಕಡೆ ತಿರುಗಿ ಕೂಗಿದಳು. ಸೀರೆಯ ದಡಿಯ ಬಣ್ಣ ತಪ್ಪಿದೆ ಎಂದಿರಬೇಕು. ಅಪ್ಪನೂ ಕೂಗಿದರು, "ತಪ್ಪಿಲ್ಲ ಬೇ, ಗಿರಾಕಿ ಹಂಗಽ ಕೇಳ್ಯಾನ!" ಅವಳು ಒಪ್ಪಲಿಲ್ಲ. ಕಾಕಂದಿರೂ ಬಾಯಿ ಹಾಕಿದರು. ಕಾಲು ತಾಸು ನಾಲ್ವರೂ ದಡಿಯ ಬಣ್ಣಕ್ಕೆ ಜಗಳಾಡಿದರು. ಅಂಥ ಸುಂದರ ಜಗಳವನ್ನು ನಾನು ಮತ್ತೆ ಕೇಳಿಲ್ಲ.

ಗುಂಡು ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ಹಿಂಬದಿಯಲ್ಲಿ ಅಡ್ಡಡ್ಡ ಒಂದು ಪಟ್ಟೆ ಹೊಳೆಯುತ್ತಿತ್ತು, ದಿಂಡಿನ ಗುರುತು. ಎಡಬದಿಯಲ್ಲಿ ಹೊಳಪು, ಬಲಬದಿಯಲ್ಲಿ ಮಂಕು. ಬಲಕ್ಕೆ ಕೂದಲೆಳೆಯಷ್ಟು ಮೇಣ ಕೂಡಿಸಿದೆ. ಮತ್ತೆ ಮಗ್ಗ, ಮತ್ತೆ ಜಗಳ. ಹೀಗೆ ಆರು ದಿನ. ಗುಂಡಿನ ಆಕಾರ ನನ್ನ ಪುಸ್ತಕದ ಚಿತ್ರದ ಹಾಗೆ ದುಂಡಗಾಗಲೇ ಇಲ್ಲ. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು, ಬೆನ್ನಿಗೊಂದು ಕಾಲುವೆ, ಹುಣಸೆಬೀಜವನ್ನು ಯಾರೋ ಜಜ್ಜಿದ ಹಾಗಿತ್ತು. ಮೊದಲಿನದಕ್ಕಿಂತ ಬರೀ ಸ್ವಲ್ಪ ದೊಡ್ಡದು. ಅದನ್ನು ನಾನು ಮಾಡಿದ್ದಲ್ಲ. ಅವಳ ಗಂಟಲೇ ಮಾಡಿಕೊಂಡದ್ದು, ನಾನು ಮೇಣ ಒದಗಿಸಿದೆ.

ಆರನೆಯ ದಿನ ಮಧ್ಯಾಹ್ನ ಮಗ್ಗ ನಿಲ್ಲಿಸಿ ಮೂಗಿನ ಕೆಳಗೆ ಕನ್ನಡಿ ಹಿಡಿದೆ. "ಪಾ." ಕನ್ನಡಿ ಸ್ವಚ್ಛ. "ಮಾ." ಮಂಜು. "ಪಾ." ಸ್ವಚ್ಛ. ಅಪ್ಪ ಕನ್ನಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಹಿಡಿದರು. "ಬಾ" ಎಂದಳು. "ಅಪ್ಪಾ" ಎಂದಳು. ಆ "ಪ್ಪಾ" ಕೇಳಿ ಅವರು ಕನ್ನಡಿ ನೋಡುವುದನ್ನೇ ಬಿಟ್ಟರು. ನಾನು ಸ್ಟೋವಿನ ಗಾಳಿ ತೆಗೆಯುವ ನೆವ ಮಾಡಿಕೊಂಡು ಬೆನ್ನು ತಿರುಗಿಸಿ ಕೂತೆ.

ಮೇಣವನ್ನು ಅಕ್ರಿಲಿಕ್ಕಿಗೆ ಇಳಿಸಿಕೊಟ್ಟ ಮೇಲೆ ಉಳಿದದ್ದು ಅವಳ ದುಡಿತ. ಗಾಳಿ ಬಾಯಿಗೆ ಬಂದರೂ ನಾಲಿಗೆಗೆ ಹಳೆಯ ಚಾಳಿ ಹೋಗಿರಲಿಲ್ಲ. ಕಕಾರ ಇನ್ನೂ ಗಂಟಲಿನ ಕೆಳಗೇ ಕಡಿಯುತ್ತಿತ್ತು. ದೊಡ್ಡ ಅಕ್ಕೋರು ದಿನಾ ಶಾಲೆ ಬಿಟ್ಟ ಮೇಲೆ ಅವಳನ್ನು ಎದುರು ಕೂಡಿಸಿಕೊಂಡು, ತುಟಿಯ ಮುಂದೆ ಕಾಗದದ ಚೂರು ಹಿಡಿದು, ಅದು ಹಾರುವ ತನಕ ಬಿಡುತ್ತಿರಲಿಲ್ಲವಂತೆ. ನಾಲ್ಕು ವಾರದಲ್ಲಿ ಅವಳು ಕಲಿತದ್ದು ನಾವೆಲ್ಲ ಹುಟ್ಟಿ ಮೂರು ವರ್ಷಕ್ಕೆ ಪುಕ್ಕಟೆ ಕಲಿತದ್ದು. ನಾನು ಅವಳಷ್ಟು ಹಟ ಹಿಡಿದು ಏನನ್ನೂ ಕಲಿತಿಲ್ಲ, ಒಪ್ಪಿಕೊಳ್ಳುತ್ತೇನೆ.

ಸಾಹೇಬರು ಬಂದ ದಿನ ನಾನೂ ಹೋದೆ. ಒಳಗೆ ಬಿಡುವ ಹಾಗಿರಲಿಲ್ಲ. ಅಪ್ಪ, ನಾನು ಇಬ್ಬರೂ ಶಾಲೆಯ ಹೊರಗಿನ ಕಟ್ಟೆಯ ಮೇಲೆ ಕೂತೆವು. ಮೂರನೆಯ ಇಯತ್ತೆಯ ಹುಡುಗಿಯರಿಗೆ ನಮ್ಮ ಸೀಮೆಯ ನದಿಗಳ ಪಾಠ. ಮೊದಲನೆಯ ವಾಕ್ಯದಲ್ಲೇ ಅವಳ "ಕೃಷ್ಣಾ" ಗಂಟಲಲ್ಲಿ ಸಿಕ್ಕಿಕೊಂಡಿತು. ಒಳಗೆ ಮಕ್ಕಳು ಮುಸಿಮುಸಿ ನಕ್ಕವು. ಅಪ್ಪ ಕಣ್ಣು ಮುಚ್ಚಿದರು.

ಆಮೇಲೆ ಅವಳು ದೊಡ್ಡ ಉಸಿರು ಎಳೆದುಕೊಂಡಿರಬೇಕು. ಬಂದ ದನಿ ಮಗ್ಗದ ಮನೆಯ ದನಿ. "ಕೃಷ್ಣಾ! ಎಲ್ಲಾರೂ ಅನ್ರಿ, ಕೃಷ್ಣಾ!" ಮಕ್ಕಳು ಅಂದವು. ಜಮಖಂಡಿಯ ಹೊಳೆಯ ವಿಷಯ ಹೇಳಿದಳು, ನೀರು ಎಲ್ಲಿಂದ ಬರುತ್ತದೆಂದಳು. ಒಂದೊಂದು ಅಕ್ಷರವೂ ಕಟ್ಟೆಯ ತನಕ ಬಂತು. ಸಕಾರದಲ್ಲಿ ಅಷ್ಟಿಷ್ಟು ಸೀಟಿ ಇತ್ತು, ಇರಲಿ.

"ಈಗ ಹೇಳ್ರಿ. ಮುಧೋಳದ ಬಾಜೂಕ ಹರಿಯೂ ಹೊಳಿ ಯಾವುದು?" ಎಂದು ಕೇಳಿದಳು. ಅವಳ ಮಕ್ಕಳು ಯೋಚಿಸುತ್ತಿದ್ದವು. ಅಷ್ಟರಲ್ಲಿ ಗೋಡೆಯ ಆಚೆ, ಲೆಕ್ಕ ಬಿಡಿಸುತ್ತಿದ್ದ ನಾಲ್ಕನೆಯ ಇಯತ್ತೆಯಿಂದ, ಇಡೀ ವರ್ಗ ಒಂದೇ ದನಿಯಲ್ಲಿ ಕೂಗಿತು: "ಘಟಪ್ರಭಾ!"

ಆ ವರ್ಗದ ಮುದಿ ಮಾಸ್ತರರು ಕೋಲು ಹಿಡಿದುಕೊಂಡೇ ಹೊರಗೆ ಬಂದು ಇವಳ ವರ್ಗದ ಬಾಗಿಲಲ್ಲಿ ನಿಂತರು. "ಸಾಹೇಬ್ರ, ನೀವಽ ಹೇಳ್ರಿ. ನನ್ನ ಹುಡುಗ್ಯಾರು ನನ್ನ ಲೆಕ್ಕಾ ಬಿಟ್ಟು ಈ ಅಕ್ಕೋರಿಗೆ ಉತ್ತರಾ ಕೊಡಾಕತ್ತಾವ. ನಾ ಹೆಂಗ ಪಾಠಾ ಮಾಡ್ಲಿ?"

ಸಾಹೇಬರು ನಕ್ಕದ್ದು ಕೇಳಿಸಿತು. "ಅಕ್ಕೋರ, ಪಾಠ ಛಲೋ ಆತು. ಜಾಗಾ ನಿಮ್ಮದಽ. ಆದ್ರ ಒಂದು ಮಾತು, ದನಿ ಸ್ವಲ್ಪ ತಗ್ಗಸ್ರಿ. ಬಾಜೂ ವರ್ಗಕ್ಕ ತ್ರಾಸ ಆಗತದ."

"ಆಗ್ಲಿರಿ!" ಎಂದಳು ಅವಳು, ಅದೇ ದನಿಯಲ್ಲಿ.

ಅಪ್ಪ ನನ್ನ ಕೈ ಹಿಡಿದ ರಭಸಕ್ಕೆ ಬೆರಳು ನೊಂದವು. "ಕೇಳಿದ್ರೇನ್ರಿ ಡಾಕ್ಟರ್ರ? ನನ್ನ ಮಗಳಿಗೆ ಸಣ್ಣಗ ಮಾತಾಡು ಅಂದ್ರು!" ಅವರ ಗಡ್ಡದ ಮೇಲೆ ಕಣ್ಣೀರು ಇಳಿಯುತ್ತಿತ್ತು. ನನ್ನ ಕಣ್ಣೂ ಬೇರೆಯಾಗಿರಲಿಲ್ಲ. ಅವರು ಮಗಳಿಗಾಗಿ ಕಾಯದೆ ಓಣಿಯ ಕಡೆ ಹೊರಟುಬಿಟ್ಟರು. ನಾನು ಹಿಂದೆ ಹಿಂದೆ ನಡೆದೆ. ಅವರು ಪ್ರತಿ ಬಾಗಿಲಲ್ಲೂ ನಿಂತು, ಒಳಗಿನವರಿಗೆ ಮಗ್ಗ ನಿಲ್ಲಿಸಲು ಹೇಳಿ, "ನನ್ನ ಮಗಳಿಗೆ ಸಣ್ಣಗ ಮಾತಾಡು ಅಂದ್ರು, ಸಾಹೇಬ್ರು!" ಎಂದು ಹೇಳಿದರು. ಓಣಿ ಮುಗಿಯುವ ತನಕ ಅದನ್ನೇ ಹೇಳಿದರು. ನೌಕರಿ ಸಿಕ್ಕಿತೆಂಬುದನ್ನು ಹೇಳಲು ಮರೆತೇಬಿಟ್ಟಿದ್ದರು.